ಜೋಡಿ ಸೈಕಲ್ಲಿನ ಹಿಂದಿನ ಸೀಟು

ನನ್ನ ನಾದಿನಿಗೆ ಸಿಟ್ಟೇ ಬರುವುದಿಲ್ಲ ಎಂದು ಊರೆಲ್ಲ ಹೇಳುತ್ತದೆ. ಊರಿಗೇನು, ಹೇಳಲಿ. ಅವಳು ಆಸ್ಪತ್ರೆಯ ಟೆಲಿಫೋನ್ ಆಪರೇಟರ್. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಬೆಳಗಿನಿಂದ ಸಂಜೆಯವರೆಗೆ "ನಮಸ್ಕಾರ, ಯಾವ ವಿಭಾಗ ಬೇಕು?" ಎನ್ನುತ್ತಾಳೆ. ಅತ್ತಲಿಂದ ಅಳುತ್ತಾರೆ, ಕಿರುಚುತ್ತಾರೆ, ಡಾಕ್ಟರು ಬಂದಿಲ್ಲವೆಂದು ಇವಳ ಜನ್ಮ ಜಾಲಾಡುತ್ತಾರೆ. ಇವಳು ತಣ್ಣಗೆ "ಒಂದು ನಿಮಿಷ, ಲೈನಿನಲ್ಲಿರಿ" ಎಂದು ಬಟನ್ ಒತ್ತುತ್ತಾಳೆ. ಯಾವ ವಾರ್ಡಿಗೆ ಯಾವ ಬಟನ್ ಎಂಬುದು ಅವಳ ಬೆರಳಿಗೇ ಗೊತ್ತು. ಕಣ್ಣು ಕಾಣುವುದಿಲ್ಲ. ಹನ್ನೆರಡನೇ ವಯಸ್ಸಿನಲ್ಲಿ ಬಂದ ಜ್ವರ ಕಣ್ಣನ್ನು ತೆಗೆದುಕೊಂಡು ಹೋಯಿತು.

ಸಿಟ್ಟು ಬರುವುದಿಲ್ಲವಂತೆ! ಸಂಜೆ ಬಾಗಿಲಲ್ಲಿ ಅವಳು ಚಪ್ಪಲಿ ಬಿಡುವ ಸದ್ದು ಕೇಳಿದರೆ ಸಾಕು, ಅವತ್ತು ಎಷ್ಟು ನುಂಗಿಕೊಂಡು ಬಂದಿದ್ದಾಳೆಂದು ನನಗೆ ತಿಳಿಯುತ್ತದೆ. ನಾನೋ, ನುಂಗುವ ಪೈಕಿ ಅಲ್ಲ. ಬೇಕರಿಯ ಬ್ರೆಡ್ಡನ್ನು ಸೈಕಲ್ಲಿಗೆ ಕಟ್ಟಿಕೊಂಡು ದಿನಾ ಬೆಳಿಗ್ಗೆ ಮನೆಮನೆಗೆ ಹಾಕುವವಳು. ಅಡ್ಡ ಬಂದರೆ ಲಾರಿಯವನಿಗೂ ಬೈಯುತ್ತೇನೆ, ನಾಯಿಗೂ ಬೈಯುತ್ತೇನೆ.

ಈ ನಾದಿನಿ ಹೋದ ತಿಂಗಳು ಒಂದು ಜೋಡಿ ಸೈಕಲ್ಲು ಕೊಂಡು ತಂದಳು. ಎರಡು ಸೀಟು, ಎರಡು ಜೊತೆ ಪೆಡಲ್ಲು. ತಿರುಗಿಸುವುದು, ಬ್ರೇಕ್ ಹಿಡಿಯುವುದು ಎಲ್ಲ ಮುಂದೆ ಕೂತವರ ಕೆಲಸ. ಹಿಂದಿನವರು ತುಳಿದರಾಯಿತು. ಕಡಲ ರಸ್ತೆಯಲ್ಲಿ ಲೈಟ್‌ಹೌಸಿನ ಏರು ಹತ್ತಿ, ಆ ಕಡೆ ಬಂದರಿನವರೆಗೆ ಇಳಿಯಬೇಕು ಎಂಬುದು ಅವಳ ಆಸೆ. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಪ್ರಪಾತ, ಅದರ ಕೆಳಗೆ ಕಡಲು. ಫೋಟೋ ಹಿಡಿಯಲು ಎಲ್ಲೆಲ್ಲಿಂದಲೋ ಜನ ಬರುವ ರಸ್ತೆ ಅದು. ಏರು ಬಂತೆಂದರೆ ಗಟ್ಟಿಮುಟ್ಟು ಹುಡುಗರೂ ಇಳಿದು ಸೈಕಲ್ಲು ತಳ್ಳುತ್ತಾರೆ.

ಸುದ್ದಿ ಕೇಳಿದವರೆಲ್ಲ ಒಂದೇ ರಾಗ. "ಅಷ್ಟು ಚೆಂದದ ರಸ್ತೆ, ಪಾಪ, ಅವಳಿಗೇನು ಕಾಣ್ಸತ್ತೆ?" ಈ "ಪಾಪ" ಎನ್ನುವ ಮಾತನ್ನು ಯಾರು ಹುಟ್ಟಿಸಿದರೋ, ಅವರ ನಾಲಿಗೆ ಸೇದಿಹೋಗಲಿ.

ಮುಂದಿನ ಸೀಟಿಗೆ ನನ್ನ ಗಂಡ ತಾವಾಗಿಯೇ ಹತ್ತಿ ಕೂತರು. "ನಾನಿಲ್ವಾ ಪುಟ್ಟಿ" ಎಂದರು. ನಲವತ್ತು ಹತ್ತಿರವಾದ ಹೆಂಗಸು, ಇನ್ನೂ ಪುಟ್ಟಿ! ಇವರು ಬಣ್ಣದಂಗಡಿಯಲ್ಲಿ ದಿನವಿಡೀ ಕೂತು ಗಿರಾಕಿಗಳಿಗೆ ಬಣ್ಣದ ಕಾರ್ಡು ತೋರಿಸುವವರು. ಸೈಕಲ್ಲು ಮುಟ್ಟಿ ಯಾವ ಕಾಲವಾಯಿತೋ. ದಿನಾ ತುಳಿಯುವವಳು ನಾನೊಬ್ಬಳು ಮನೆಯಲ್ಲಿದ್ದೇನೆಂದು ಯಾರಿಗೂ ನೆನಪಾಗಲಿಲ್ಲ. ಅಣ್ಣ ತಂಗಿಯ ನಡುವೆ ಅತ್ತಿಗೆ ಮೂಗು ತೂರಿಸಿದಳು ಎನ್ನಿಸಿಕೊಳ್ಳುವುದೇಕೆಂದು ಬಾಯಿಗೆ ಬೀಗ ಹಾಕಿಕೊಂಡೆ.

ಭಾನುವಾರ ಇವರ ಅಂಗಡಿಯ ಗೆಳೆಯ ಬಂದ. ಊಟದ ಮೇಜಿನ ಮೇಲೆ ರಸ್ತೆಯ ನಕ್ಷೆ ಹರಡಿ, ಮೂಲೆಗಳಿಗೆ ಲೋಟ ಇಟ್ಟರು. ನಾದಿನಿ ಅಲ್ಲೇ ಕಿಟಕಿಯ ಹತ್ತಿರ ಕೂತು ಬಟಾಣಿ ಬಿಡಿಸುತ್ತಿದ್ದಳು. ನಾನು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದೆ.

"ಲೈಟ್‌ಹೌಸ್ ಏರು ಹುಡುಗಾಟ ಅಲ್ಲ ಕಣೋ. ಆ ಇಳಿಜಾರು ನೋಡಿದ್ರೆ ನಂಗೇ ತಲೆ ತಿರುಗತ್ತೆ" ಎಂದ ಗೆಳೆಯ.

ಇವರು ದನಿ ತಗ್ಗಿಸಿದರು. "ಅಲ್ಲಿಗೆ ಯಾರು ಹೋಗ್ತಾರೆ? ಹಿಂದುಗಡೆ ಗೋಡೌನ್ ರಸ್ತೆ ಮಟ್ಟಸವಾಗಿದೆ, ಅದೂ ಬಂದರಿಗೇ ಹೋಗತ್ತೆ. ಮಧ್ಯೆ ಮಧ್ಯೆ 'ಏರು ಬಂತು, ಜೋರಾಗಿ ತುಳಿ ಪುಟ್ಟಿ' ಅಂತ ಸ್ವಲ್ಪ ಬ್ರೇಕ್ ಹಿಡಿದ್ರಾಯ್ತು. ಕೊನೆಗೆ ಬಂದರಲ್ಲಿ ಕೂರಿಸಿ ಟೀ ಕುಡಿಸ್ತೀನಿ, ಸಮುದ್ರದ ಗಾಳಿ ಬೀಸತ್ತೆ. ಅವಳಿಗೇನು ಗೊತ್ತಾಗತ್ತೆ? ಖುಷಿಯಾಗಿರ್ತಾಳೆ, ಬಿಡು."

ಕಣ್ಣು ಕಾಣದವರಿಗೆ ಕಿವಿಯೂ ಕೇಳಿಸುವುದಿಲ್ಲ ಎಂದು ಯಾವ ಮಹಾನುಭಾವ ಇವರಿಗೆ ಹೇಳಿಕೊಟ್ಟನೋ! ಮನೆಯವರ ಕಿವಿಗೇ ಹೂ ಇಡುವ ಕೆಲಸ, ಅದೂ ಅವಳೆದುರಿಗೇ! ನನ್ನ ಪಿತ್ತ ನೆತ್ತಿಗೇರಿತು. ಚಾಕು ಕೈಯಲ್ಲಿದ್ದ ಹಾಗೇ ಹೊರಗೆ ಬಂದೆ. ಅಷ್ಟರಲ್ಲಿ ನಾದಿನಿ ಆಸ್ಪತ್ರೆಯ ದನಿಯಲ್ಲಿ ಹೇಳಿದಳು.

"ನಮಸ್ಕಾರ. ನಿಮ್ಮ ಮಾತು ಸ್ಪಷ್ಟವಾಗಿ ಕೇಳಿಸ್ತಾ ಇದೆ."

ಗೆಳೆಯ ಟೀಯನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋದ.

"ನಿನ್ನ ಒಳ್ಳೇದಕ್ಕೇ ಪುಟ್ಟಿ..." ಎಂದು ಇವರು ಶುರು ಮಾಡಿದರು.

"ಪುಟ್ಟಿ ಅನ್ಬೇಡ!" ಬಟಾಣಿಯ ತಟ್ಟೆ ನೆಲಕ್ಕೆ ಬಿತ್ತು. ಅವಳಿಗೆ ಸಿಟ್ಟು ಬರುವುದಿಲ್ಲ ಎನ್ನುವವರು ಆಗ ಬಂದು ನೋಡಬೇಕಿತ್ತು. "ಹನ್ನೆರಡು ವರ್ಷದವಳಿದ್ದಾಗಿಂದ ಎಲ್ರೂ ನನ್ನ ಮೊಣಕೈ ಹಿಡ್ಕೊಂಡು ಮೆಲ್ಲಗೆ ನಡೆಸ್ತಾ ಇದೀರ. ಮೆಲ್ಲಗೆ, ಮೆಲ್ಲಗೆ, ಮೆಲ್ಲಗೆ! ಅವತ್ತಿಂದ ಒಂದು ದಿನ ನಾನು ಓಡಿಲ್ಲ ಅಣ್ಣ. ನಂಗೆ ಸಮುದ್ರ ನೋಡೋಕಲ್ಲ ಹೋಗ್ಬೇಕಾಗಿರೋದು. ಆ ಏರನ್ನ ನನ್ನ ಕಾಲಲ್ಲಿ ತುಳಿದು ಹತ್ಬೇಕು. ಆಮೇಲೆ ಜೋರಾಗಿ ಇಳೀಬೇಕು. ಒಂದೇ ಒಂದು ಸಲ, ಜೋರಾಗಿ!"

"ಬಿದ್ರೆ?"

"ಬಿದ್ರೆ ನಾನೇ ತಾನೇ ಬೀಳೋದು?"

ಇವರಿಗೆ ತಂಗಿಯ ಮೇಲೆ ಪ್ರೀತಿ ಇಲ್ಲವೆಂದಲ್ಲ, ಬೇಕಾದಷ್ಟಿದೆ. ಸುಳ್ಳು ಬೆರೆಸಿದ ಆ ಪ್ರೀತಿಯನ್ನು ಕಟ್ಟಿಕೊಂಡು ಅವಳೇನು ಮಾಡಬೇಕು? ಇವರದೋ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. "ಹಾಗಾದ್ರೆ ನಾನು ಮುಂದೆ ಕೂರಲ್ಲ. ಅದು ಹೇಗೆ ಹೋಗ್ತೀಯೋ ಹೋಗು, ನೋಡೋಣ" ಎಂದು ಕಡ್ಡಿ ಮುರಿದ ಹಾಗೆ ಹೇಳಿ ನಕ್ಷೆ ಮಡಚತೊಡಗಿದರು. ನಾದಿನಿಯ ಮುಖ ಸಣ್ಣಗಾಯಿತು. ಮುಂದೆ ಕೂರುವವರಿಲ್ಲದೆ ಅವಳಿಗೆ ಆ ಸೈಕಲ್ಲು ಬರೀ ಕಬ್ಬಿಣ. ಅದು ಇವರಿಗೂ ಗೊತ್ತಿತ್ತು. ಗೊತ್ತಿದ್ದೇ ಹೇಳಿದ್ದು.

"ನಕ್ಷೆ ಅಲ್ಲೇ ಇಡ್ರೀ. ನಾನು ಕೂರ್ತೀನಿ" ಎಂದೆ.

"ನೀನಾ?" ಎಂದು ನಕ್ಕರು.

"ಹೂಂ, ನಾನೇ. ದಿನಾ ಬೆಳಿಗ್ಗೆ ನೀವು ತಿನ್ನೋ ಬ್ರೆಡ್ಡು ಹಾರ್ಕೊಂಡು ಬರತ್ತೇನ್ರೀ ಮನೆಗೆ?"

ನಾದಿನಿ ನನ್ನ ದನಿ ಬಂದ ಕಡೆ ತಿರುಗಿದಳು. ಅವತ್ತೇ ಇಬ್ಬರೂ ಮೇಜಿನ ಮುಂದೆ ಕೂತೆವು. ನಾನು ನಕ್ಷೆ ಓದಿದೆ, ಅವಳು ತೀರ್ಮಾನ ಮಾಡಿದಳು. ಗಾಳಿ ಏಳುವ ಮೊದಲೇ ಹೊರಡುವುದು. ಏರಿನ ಬುಡದಲ್ಲಿ ನಿಂತು ನೀರು ಕುಡಿಯುವುದು, ಮಧ್ಯೆ ಇಳಿಯುವುದಿಲ್ಲ. ಆ ರಸ್ತೆಯಲ್ಲಿ ಜಲ್ಲಿಯ ಲಾರಿಗಳು ಓಡದ ದಿನ ಯಾವುದೆಂದು ಅವಳೇ ಫೋನು ಮಾಡಿ ತಿಳಿದುಕೊಂಡಳು.

"ಸಮುದ್ರ ಹೇಗಿದೆ ಅಂತ ನಾನು ಹೇಳ್ತಾ ಬರ್ಲಾ?" ಎಂದು ಕೇಳಿದೆ.

"ಬೇಡ ಅತ್ತಿಗೆ. ಗುಂಡಿ ಎಲ್ಲಿದೆ ಅಂತ ಹೇಳು, ಸಾಕು."

ಇವರು ಒಳಗೆ ಪಾತ್ರೆಗಳನ್ನು ಧಡಧಡ ಎತ್ತಿಡುತ್ತಿದ್ದರು. ಕೈಲಾಗದವನು ಮೈ ಪರಚಿಕೊಂಡನಂತೆ.

ಅಭ್ಯಾಸಕ್ಕೆಂದು ಆಸ್ಪತ್ರೆಯ ಹಿಂದಿನ ದಿಣ್ಣೆಗೆ ಹೋದೆವು. ಮೊದಲೆರಡು ದಿನ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗಾಯಿತು. ಒಮ್ಮೆ ಬೇಲಿಗೂ ನುಗ್ಗಿದೆವು. "ಎಡ ಅಂತ ನೀನೇ ಕೂಗಿದ್ಮೇಲೆ ಎಡಕ್ಕೇ ತಿರುಗಿಸು!" ಎಂದು ಅವಳು ಬೈದಳು, "ನೀನು ಹಿಂದೆ ಅಲ್ಲಾಡ್ಬೇಡ!" ಎಂದು ನಾನು ಬೈದೆ. ಮೂರನೆಯ ದಿನ ಎಲ್ಲೂ ಇಳಿಯದೆ ದಿಣ್ಣೆಯ ನೆತ್ತಿಗೆ ಹತ್ತಿಬಿಟ್ಟೆವು. ಎದೆ ಒಡೆಯುವ ಹಾಗೆ ಏದುಸಿರು. ನನ್ನ ಬೆನ್ನ ಹಿಂದೆ ಅವಳು ಒಂದೇ ಸಮನೆ ನಗುತ್ತಿದ್ದಳು.

ಇಳಿಯಲು ಶುರು ಮಾಡಿದೆವು. ನಾನೋ ದಿನಾ ಸಮತಟ್ಟು ಬೀದಿಯಲ್ಲಿ ಬ್ರೆಡ್ಡು ಹಾಕುವವಳು. ಬೆನ್ನ ಹಿಂದೆ ಒಂದು ಜೀವ ನನ್ನನ್ನೇ ನಂಬಿ ಕೂತಿದೆ. ಕೈ ತಾನಾಗಿಯೇ ಬ್ರೇಕ್ ಹಿಡಿಯಿತು.

"ಅತ್ತಿಗೆ, ಬ್ರೇಕ್ ಹಿಡಿದಿದೀಯಾ?"

"ಇಲ್ಲ" ಎನ್ನಲು ಬಾಯಿ ತೆರೆದವಳು ತಡೆದುಕೊಂಡೆ.

"ಹಿಡಿದಿದೀನಿ ಕಣೇ. ನಂಗೆ ಭಯ ಆಗ್ತಿದೆ."



"ನಂಗೂ ಭಯ ಆಗ್ತಿದೆ. ಬಿಡು."

ಬಿಟ್ಟೆ. ದಿಣ್ಣೆಯ ಕೆಳಗೆ ಮುಟ್ಟುವವರೆಗೆ ನಾವಿಬ್ಬರೂ ಗಂಟಲು ಹರಿಯುವ ಹಾಗೆ ಅವಳ ಅಣ್ಣನನ್ನು ಬೈಯುತ್ತಲೇ ಇದ್ದೆವು.