ಸಾಲಿನ ಕೊನೆಗೆ ನಿಂತ ದೊರೆಸಾನಿ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ತೊಳೆದ ಕೊಟ್ಟಿಗೆಯ ನೆಲದಲ್ಲಿ ಕುಕ್ಕರಗಾಲಲ್ಲಿ ಕೂತ ಹೆಂಗಸು ಹಸುವಿನ ಕೆಚ್ಚಲಿಗೆ ಮೊದಲು ಕೈಯ ಹಿಂಬದಿಯನ್ನು ತಾಗಿಸುತ್ತಾರೆ, ಮಗುವಿನ ಜ್ವರ ನೋಡುವ ಹಾಗೆ. ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಂದೊಂದು ಮೊಲೆಯ ಮೊದಲ ಧಾರೆಯನ್ನೂ ಕಪ್ಪು ತಟ್ಟೆಯೊಂದಕ್ಕೆ ಬಿಡುತ್ತಾರೆ. ಹಾಲಲ್ಲಿ ಮೊಸರಿನಂಥ ಚೂರು ಕಂಡರೆ ಕೆಚ್ಚಲು ಬಾವು ಶುರುವಾಗಿದೆ ಎಂದರ್ಥ. ಕಾಣದಿದ್ದರೆ ಆ ಹಸುವಿಗೆ ಹಾಲು ಕರೆಯುವ ಯಂತ್ರ ಹಾಕಬಹುದು.

ಕೆಲಸದವರೆಲ್ಲ ಇವರನ್ನು ಕೆಚ್ಚಲಕ್ಕ ಎನ್ನುತ್ತಾರೆ. ಬೇಸರವಿಲ್ಲವೇ ಎಂದರೆ, "ಇನ್ನೇನನ್ಬೇಕು? ಬೆಳಗಾದ್ರೆ ನಾನು ನೋಡೋದು ಅದನ್ನೇ ತಾನೆ!" ಎಂದು ನಗುತ್ತಾರೆ. ಯಂತ್ರ ಬರುವ ಮುಂಚೆ ಇಲ್ಲಿನ ಅರ್ಧ ಹಸುಗಳನ್ನು ಕೈಯಲ್ಲೇ ಕರೆದವರು ಇವರು. ಈಗ ಬೆರಳ ಗೆಣ್ಣುಗಳು ಊದಿಕೊಂಡಿವೆ, ಬಲಗೈಯ ಎರಡು ಬೆರಳಂತೂ ಮಡಚುವುದೇ ಇಲ್ಲ. ಈಗಲೂ ಪ್ರತಿ ಹಸುವನ್ನೂ ಕೂಗಿ ಕರೆದೇ ಕೆಚ್ಚಲಿಗೆ ಕೈ ಹಾಕುತ್ತಾರೆ. ಹಾಲು ಕರೆಯುವುದಕ್ಕೂ ಕೂಗಿ ಕರೆಯುವುದಕ್ಕೂ ಹಳಗನ್ನಡದಲ್ಲಿ ಬೇರೆ ಬೇರೆ ರಕಾರವಿತ್ತು, ಎರಡರ ಬೇರುಗಳೇ ಬೇರೆ ಎಂದರೆ ಇವರು ಒಪ್ಪುವವರಲ್ಲ. "ಅದೇನೋಪ್ಪ, ಪ್ರೀತಿಯಿಂದ ಕರೆದ್ರೇನೇ ಅದು ಕರೆಸ್ಕೊಳ್ಳೋದು."

ಆ ಪ್ರೀತಿಯೇ ಒಮ್ಮೆ ಮುಳುವಾಯಿತು. ಕೊಟ್ಟಿಗೆಯಲ್ಲಿ ದೊರೆಸಾನಿ ಎಂಬ ಹಸುವಿದೆ, ಹೆಸರಿಗೆ ತಕ್ಕ ಜಂಬದ್ದು. ಕೆಚ್ಚಲಕ್ಕನಿಗೆ ಅದೆಂದರೆ ಪ್ರಾಣ. ಆಗೆಲ್ಲ ದಿನದ ಕೆಲಸ ಅದರಿಂದಲೇ ಶುರುವಾಗುತ್ತಿತ್ತು, ಅದಕ್ಕೆ ಮಾತ್ರ ತಟ್ಟೆ ಹಿಡಿಯುತ್ತಿರಲಿಲ್ಲ. "ನನ್ನ ದೊರೆಸಾನಿಗೆ ಏನಾಗತ್ತೆ ಅನ್ನೋ ಸೊಕ್ಕು ನಂಗೆ" ಎನ್ನುವಾಗ ದನಿ ಇಳಿಯುತ್ತದೆ. ಅದರ ಒಂದು ಮೊಲೆಗೆ ಒಳಗೊಳಗೇ ಬಾವು ಹತ್ತಿತ್ತು. ಅದನ್ನು ಮುಟ್ಟಿದ ಕೈ, ಒರೆಸಿದ ಬಟ್ಟೆ ಎರಡೂ ಪಕ್ಕದ ಹಸುಗಳಿಗೆ ಹೋದವು. ಆ ಹಸುಗಳಿಗೂ ಬಾವು ಹತ್ತಿತು. ಅವು ಚೇತರಿಸಿಕೊಂಡವು, ದೊರೆಸಾನಿಯ ಬಾವು ಮಾತ್ರ ಇಳಿಯಲಿಲ್ಲ.

ಮಾರಿಬಿಡೋಣ ಎಂದರು ಯಜಮಾನರು. ಕೆಚ್ಚಲು ಕೆಟ್ಟ ಹಸುವನ್ನು ಕೊಳ್ಳುವವರು ಯಾರು, ಯಾಕೆ ಕೊಳ್ಳುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಕೆಚ್ಚಲಕ್ಕ ಗೋಗರೆದು ಈ ತಿಂಗಳ ಕೊನೆಯವರೆಗೆ ಗಡುವು ಪಡೆದರು. ಅಂದಿನಿಂದ ದೊರೆಸಾನಿ ಸಾಲಿನ ಕೊನೆಗೆ ನಿಲ್ಲುತ್ತದೆ, ಅದರ ಬಟ್ಟೆಯೇ ಬೇರೆ. ಡಾಕ್ಟರು ಕೊಟ್ಟ ಔಷಧಿ ಹಾಕಿ, ಕೆಟ್ಟ ಹಾಲನ್ನು ಮತ್ತೆ ಮತ್ತೆ ಹಿಂಡಿ ಚೆಲ್ಲಿ, ಆ ಬೆರಳುಗಳು ರಾತ್ರಿ ಅನ್ನ ಕಲೆಸಲೂ ಬಾರದಂತಾಗಿವೆ. "ನಮ್ಮನ್ನ ಒಂದಿನಾನಾದ್ರೂ ಹಿಂಗೆ ನೋಡ್ಕೊಂಡಿದ್ದೀಯೇನಮ್ಮ?" ಎಂದು ಮಗಳು ರೇಗಿಸಿದರೆ, "ನಿಂಗೆ ನೋವಾದ್ರೆ ಬಾಯಿದೆಯಲ್ಲೇ, ಊರಿಗೇ ಕೇಳೋ ಅಷ್ಟು!" ಎಂಬ ಉತ್ತರ ಸಿದ್ಧ.

ಇವತ್ತು ಗಡುವಿನ ದಿನ. ಗೇಟಿನ ಹೊರಗೆ ಕೊಳ್ಳುವವರ ಗಾಡಿ ನಿಂತಿದೆ. ಯಜಮಾನರೇ ಬಂದು ತಟ್ಟೆಗೆ ಬಗ್ಗಿದ್ದಾರೆ. ಕೊನೆಗೆ ನಿಲ್ಲಿಸಿದ್ದಕ್ಕೆ ದೊರೆಸಾನಿಗೆ ಇನ್ನೂ ಮುನಿಸು, ಬಾಲದಿಂದ ಕೆಚ್ಚಲಕ್ಕನ ಕೆನ್ನೆಗೆ ರಪ್ಪನೆ ಬಾರಿಸುತ್ತದೆ. "ಹೊಡಿ, ನನ್ನದೇ ತಪ್ಪು" ಎನ್ನುತ್ತ ಕೂತು ಬೆರಳು ಹಚ್ಚುತ್ತಾರೆ. ಮೊದಲ ಮೊಲೆಯ ಹಾಲು ಶುದ್ಧ. ಎರಡನೆಯದೂ, ಮೂರನೆಯದೂ ಹಾಗೆಯೇ. ಬಾವು ಬಂದಿದ್ದ ನಾಲ್ಕನೆಯದು ಮೆತ್ತಗಿದೆ, ನೋವಿಲ್ಲ. ಆದರೆ ಎಷ್ಟು ಹಿಂಡಿದರೂ ಒಂದು ಹನಿ ಇಳಿಯುವುದಿಲ್ಲ. ಬತ್ತಿಹೋಗಿದೆ.

"ವಾಸಿಯೇನೋ ಆಯ್ತು. ಆದ್ರೆ ಮೂರೇ ಆಯ್ತಲ್ಲಮ್ಮ" ಎಂದು ಯಜಮಾನರು ಗೇಟಿನ ಕಡೆ ನೋಡುತ್ತಾರೆ.

ಕೆಚ್ಚಲಕ್ಕ ಏಳುವುದಿಲ್ಲ. ಕೂತಲ್ಲಿಂದಲೇ ಮಡಚದ ಬೆರಳುಗಳ ಕೈಯನ್ನು ಅವರ ಮುಂದೆ ಚಾಚುತ್ತಾರೆ.

"ನನ್ನ ಕೈಲೂ ಮೂರೇ ಕೆಲಸಕ್ಕೆ ಬರೋದು ಯಜಮಾನ್ರೇ. ನನ್ನ ಕಳಿಸಿದ್ರಾ?"

ಯಜಮಾನರು ಆ ಕೈಯನ್ನು ನೋಡುತ್ತಾರೆ. ಆಮೇಲೆ ಗೇಟಿಗೆ ಹೋಗಿ ಗಾಡಿಯವನನ್ನು ವಾಪಸು ಕಳಿಸುತ್ತಾರೆ. ಕೆಚ್ಚಲಕ್ಕ ಬಕೆಟ್ಟನ್ನು ಹತ್ತಿರಕ್ಕೆಳೆದು, "ಬಾರೇ ದೊರೆಸಾನಿ" ಎಂದು ಕರೆದು, ಇರುವ ಮೂರನ್ನು ಕರೆಯತೊಡಗುತ್ತಾರೆ.