ಆಡುವವರಿಗೆ ಮಾತ್ರ

'ಅರೆ' ಎಂಬ ಪೂರ್ವಪದದೊಂದಿಗೆ ನನಗೆ ಬಹುಕಾಲದ ಜಗಳ. ಅರೆಬೆಂದ ಅನ್ನ, ಅರೆಮನಸ್ಸಿನ ಆಮಂತ್ರಣ, ಅರೆನಿದ್ದೆಯಲ್ಲಿ ಎಬ್ಬಿಸಿ ಯೋಗಕ್ಷೇಮ ವಿಚಾರಿಸುವ ನೆಂಟ, ಇವುಗಳಿಂದ ಸುಖಪಟ್ಟವರು ನಿಮ್ಮಲ್ಲಿ ಯಾರಾದರೂ ಇದ್ದರೆ ಅವರಿಗೆ ದೂರದಿಂದಲೇ ನನ್ನ ನಮಸ್ಕಾರ. ಹೀಗಿದ್ದೂ, ಎಂಬತ್ತರ ದಶಕದಲ್ಲಿ ಕಲಘಟಗಿಯಲ್ಲಿ ಕನ್ನಡ ಮಾಸ್ತರನಾಗಿದ್ದಾಗ, ಅದೇ ಪದವನ್ನು ಒಂದು ಫಲಕದ ಮೇಲೆ ದಪ್ಪಕ್ಷರದಲ್ಲಿ ಬರೆಸಿದ ಕೀರ್ತಿ ನನ್ನದೇ.

ಊರಾಚೆ, ಕಾಡು ಶುರುವಾಗುವ ಕಡೆ, ಪೇಟೆಯ ಕೆಲವು ಧನಿಕರು ಸೇರಿ ಗಾಲ್ಫ್ ಮೈದಾನವೊಂದನ್ನು ಮಾಡಿದ್ದರು. ಸದಸ್ಯರು ಆಡಬಹುದು, ಸದಸ್ಯರು ಕರೆತಂದ ಹೊರಗಿನವರೂ ಆಡಬಹುದು. ಇಂಥ ಉಭಯಸಂಕಟಕ್ಕೆ ಕನ್ನಡದಲ್ಲಿ ಏನೆನ್ನಬೇಕೆಂದು ಸೆಕ್ರೆಟರಿ ದೇಸಾಯರು ಕೇಳಿದಾಗ, ಮೂರು ನಿಘಂಟು ತಿರುವಿ 'ಅರೆಖಾಸಗಿ ಗಾಲ್ಫ್ ಮೈದಾನ' ಎಂದು ಬರೆದುಕೊಟ್ಟೆ. ಅದರ ಕೆಳಗೆ 'ಆಡುವವರಿಗೆ ಮಾತ್ರ ಪ್ರವೇಶ' ಎಂದೂ ಸೇರಿಸಿದೆ. ನಮ್ಮ ಭಾಷೆಯಲ್ಲಿ ಚೆಂಡನ್ನೂ ಆಡುತ್ತಾರೆ, ಮಾತನ್ನೂ ಆಡುತ್ತಾರೆ, ಮೇಲಾಗಿ ಆಡೆಂದರೆ ಮೇಕೆ. ಆದ್ದರಿಂದ ಮೂವರಿಗೂ ಬಾಗಿಲು ತೆರೆದಂತಾಯಿತೆಂದು ನಾನು ಚೇಷ್ಟೆ ಮಾಡಿದರೆ ದೇಸಾಯರು ನಗಲಿಲ್ಲ. ಬರೆದುಕೊಟ್ಟ ಉಪಕಾರಕ್ಕೆ ನನ್ನನ್ನೂ ಸದಸ್ಯನನ್ನಾಗಿ ಮಾಡಿಕೊಂಡರು.

ನನ್ನ ಆಟದ ವೈಭವವನ್ನು ಏನೆಂದು ವರ್ಣಿಸಲಿ! ಧೋತರ ಎತ್ತಿ ಕಟ್ಟಿ, ಉಸಿರು ಬಿಗಿಹಿಡಿದು ಬೀಸಿದರೆ ಹುಲ್ಲು, ಮಣ್ಣು, ಒಮ್ಮೊಮ್ಮೆ ನನ್ನ ಕನ್ನಡಕ ಸಹ ಹಾರಿಹೋಗುತ್ತಿದ್ದವು. ಚೆಂಡು ಮಾತ್ರ ಕೂತಲ್ಲೇ ಕೂತಿರುತ್ತಿತ್ತು. ಆದರೂ ಬೆಳಗಿನ ಆ ಹಸಿರು, ಆ ತಣ್ಣನೆಯ ಗಾಳಿ ನನಗೆ ಹುಚ್ಚು ಹಿಡಿಸಿದ್ದವು.

ಆ ಹಸಿರಿನ ನಡುವೆ ಒಂದು ಹಳೆಯ ಕಾಲುದಾರಿಯಿತ್ತು. ನಮ್ಮ ಹಿತ್ತಿಲ ಹಿಂದಿನ ಓಣಿಯಿಂದ ಹೊರಟು, ಮೈದಾನವನ್ನು ಸೀಳಿ, ಆಚೆಯ ಭತ್ತದ ಗದ್ದೆಗಳನ್ನು ಸೇರುತ್ತಿತ್ತು. ಆ ಓಣಿಯ ಫಕೀರವ್ವ ಗದ್ದೆಯಲ್ಲಿ ಕಳೆ ಕೀಳಲು ಹೋಗುವವಳು. ನಡುಹಗಲು ಊಟಕ್ಕೆ ಬಿಟ್ಟಾಗ ಈ ದಾರಿಯಲ್ಲೇ ಓಡಿಬಂದು, ತೊಟ್ಟಿಲಲ್ಲಿದ್ದ ಎಳೆಗೂಸಿಗೆ ಹಾಲೂಡಿಸಿ ಮತ್ತೆ ಓಡುತ್ತಿದ್ದಳು. ಆಟಕ್ಕೆ ಅಡ್ಡಿಯಾಗುತ್ತದೆಂದು ದೇಸಾಯರು ದಾರಿಯ ಎರಡು ತುದಿಗೂ ತಂತಿಯ ಗೇಟು ಹಾಕಿಸಿ, ಗದ್ದೆಯ ಕಡೆಯ ಗೇಟಿಗೆ ಕಾವಲುಗಾರನನ್ನು ನಿಲ್ಲಿಸಿ, ಅಲ್ಲೂ ನನ್ನ ಫಲಕದ ಇನ್ನೊಂದು ಪ್ರತಿಯನ್ನು ತೂಗುಹಾಕಿಸಿದರು.

ಅಂದು ಸಂಜೆ ಫಕೀರವ್ವ ನಮ್ಮ ಹಿತ್ತಿಲ ಬಾಗಿಲಿಗೆ ಬಂದಳು.

"ಮಾಸ್ತರ್ರ, ಕೆರಿ ಏರಿ ಸುತ್ತಿ ಬರೂದ್ರಾಗ ಉಣ್ಣೂ ಹೊತ್ತು ಮುಗೀತೈತ್ರಿ. ಕೂಸು ಅತ್ತು ಅತ್ತು ದನಿ ಹೋಗೇತಿ, ನನ್ನ ಎದಿ ಕಲ್ಲಾಗೇತಿ. ಕೆಲಸ ಬಿಟ್ರ ಉಣ್ಣೂದೇನು? ಆ ಬೋರ್ಡು ನೀವ ಬರದದ್ದಂತ. ಏನ್ ಬರದೀರಿ, ಓದಿ ಹೇಳ್ರಿ."

ಹೇಳಿದೆ. "ಅಂದ್ರ, ಆಡಿದ್ರ ಬಿಡ್ತಾರೇನ್ರಿ?" ಎಂದಳು.

ಹೆಡ್‌ಮಾಸ್ತರರ ಚಪ್ಪಲಿಯ ಸದ್ದಿಗೇ ಎದ್ದು ನಿಲ್ಲುವ ಪ್ರಾಣಿ ನಾನು. ಆದರೆ ಅಂದು ಮೈಯೆಲ್ಲ ಉರಿಯಿತು. ನನ್ನ ಕನ್ನಡವನ್ನು ತಂದು ಹಾಲುಗೂಸಿಗೆ ಅಡ್ಡ ಬೇಲಿ ಕಟ್ಟುತ್ತಾರೆಯೇ? ನಾನು ಬರೆದ ವಾಕ್ಯ. ಅದರ ಅರ್ಥ ಹೇಳುವ ಹಕ್ಕನ್ನು ಯಾವ ಸೆಕ್ರೆಟರಿಗೂ ಬರೆದುಕೊಟ್ಟಿರಲಿಲ್ಲ.

"ಬಿಡದ ಏನ್ ಮಾಡ್ತಾರ? ನಾಳೆ ಆಡೂಣು ಬಾ" ಎಂದೆ.

ಮರುದಿನ ರಜೆ. ಮಧ್ಯಾಹ್ನ ಎರಡು ಕೋಲು, ಎರಡು ಚೆಂಡು ಹಿಡಿದು ಗದ್ದೆಯ ಕಡೆಯ ಗೇಟಿಗೆ ಹೋದೆ. ಊಟಕ್ಕೆ ಬಿಟ್ಟಿದ್ದ ಫಕೀರವ್ವ ಅಲ್ಲೇ ಕಾದಿದ್ದಳು. "ಯಾರನ್ನೂ ಬಿಡಬ್ಯಾಡಂದಾರ್ರಿ" ಎಂದ ಕಾವಲುಗಾರನಿಗೆ, "ಈಕಿ ನನ್ನ ಅತಿಥಿ, ಆಡಾಕ ಬಂದಾಳ. ಬೋರ್ಡು ಓದು" ಎಂದು ದಬಾಯಿಸಿದೆ. ಅವನು ಓದಿದ, ತಲೆ ಕೆರೆದುಕೊಂಡ, ಗೇಟು ತೆರೆದ.

ಫಕೀರವ್ವ ಸೆರಗು ಬಿಗಿದು ಬೀಸಿದಳು. ಮೊದಲ ಏಟು ಗಾಳಿಗೆ. "ಲಿಂಬಿಹಣ್ಣಿನಷ್ಟೈತಿ, ಎಷ್ಟ್ ಸೊಕ್ಕು ನೋಡ್ರಿ ಇದರದು!" ಎಂದು ಬೈದು ಎರಡನೆಯದನ್ನು ಹೊಡೆದಳು, ಚೆಂಡು ಕಾಲುದಾರಿಯುದ್ದಕ್ಕೂ ಉರುಳಿತು. ಬಾವುಟವಿರುವ ಕುಳಿಯ ಕಡೆ ಹೊಡೆಯಬೇಕೆಂದು ನಾನು ಗುರುವಿನ ಗತ್ತಿನಲ್ಲಿ ತೋರಿಸಿದರೆ, "ಆ ಕುಳಿ ನಿಮಗಿರ್ಲಿ, ನಾ ನಮ್ಮ ಮನಿ ಕಡೆ ಹೊಡೀತೀನಿ" ಎಂದು ಮುಂದೆ ನಡೆದೇಬಿಟ್ಟಳು. ನನ್ನ ಚೆಂಡು ಎಂದಿನಂತೆ ಕೂತಲ್ಲೇ ಇತ್ತು; ಅದನ್ನು ಬಿಟ್ಟು ನಾನೂ ಅವಳ ಹಿಂದೆ ನಡೆದೆ.

ಓಣಿಯ ಕಡೆಯ ಗೇಟಿಗೆ ನಾಲ್ಕು ಮಾರು ಇರುವಾಗ ಅವಳ ಚೆಂಡು ನಿಂತಿತು. ಅವಳು ಕೋಲನ್ನು ಅಲ್ಲೇ ಚೆಲ್ಲಿ, ಗೇಟಿನ ಒಳಗಿನ ಅಗಳಿ ತೆಗೆದು ಮನೆಗೆ ಓಡಿದಳು. ಅಷ್ಟರಲ್ಲಿ ಹಿಂದಿನಿಂದ ದೇಸಾಯರು, ಪೇಟೆಯ ಇಬ್ಬರು ಅತಿಥಿಗಳೊಂದಿಗೆ, ಮುಖ ಕೆಂಪಗೆ ಮಾಡಿಕೊಂಡು ಬಂದರು.

"ಏನ್ರಿ ಮಾಸ್ತರ, ಇದೇನು ನಾಟಕ?"

ಈ ಆಟದಲ್ಲಿ ಒಂದು ಮರ್ಯಾದೆಯಿದೆ: ಮುಂದೆ ಆಡುತ್ತಿರುವವರು ತಾವಾಗಿ ಕೈಬೀಸಿ ದಾರಿ ಕೊಡುವವರೆಗೆ ಹಿಂದಿನವರು ದಾಟುವಂತಿಲ್ಲ. ದೇಸಾಯರು ಅದನ್ನು ಮಂತ್ರದಂತೆ ಪಾಲಿಸುವವರು.

"ನಾಟಕಲ್ಲ, ಆಟ" ಎಂದೆ. "ಅಕಿ ಚೆಂಡು ಇನ್ನೂ ಅಲ್ಲೇ ಐತಿ. ಆಟ ಮುಗಿದಿಲ್ಲ. ದಾಟ್ತೀರೇನು, ದಾಟ್ರಿ ನೋಡೂಣು."

ಅತಿಥಿಗಳು ದೇಸಾಯರ ಮುಖ ನೋಡಿದರು. ದೇಸಾಯರು ಚೆಂಡನ್ನು ನೋಡಿದರು. ಕೊನೆಗೆ ಟೋಪಿ ತೆಗೆದು ಬೆವರೊರೆಸಿಕೊಂಡು ನಿಂತರು. ಓಣಿಯಿಂದ ಬರುತ್ತಿದ್ದ ಕೂಸಿನ ಅಳು ತಟ್ಟನೆ ನಿಂತುಹೋಯಿತು. ಬಿಸಿಲಲ್ಲಿ ನಾವು ನಾಲ್ವರು ಗಂಡಸರು, ಒಂದು ಕೂಸು ಹಾಲು ಕುಡಿದು ಮುಗಿಸುವುದನ್ನು ಕಾಯುತ್ತ ನಿಂತಿದ್ದೆವು. ನನಗೆ ಕುಣಿಯಬೇಕೆನ್ನಿಸುತ್ತಿತ್ತು.

ಫಕೀರವ್ವ ಸೆರಗು ಸರಿಪಡಿಸಿಕೊಳ್ಳುತ್ತ ಬಂದು ಚೆಂಡನ್ನೆತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಪಕ್ಕಕ್ಕೆ ಸರಿದು, ದೇಸಾಯರಿಗೆ ಕೈಬೀಸಿದಳು.

"ಹೋಗ್ರಿ ಸಾಹೇಬ್ರ, ನಂದಾತು. ನಾಳಿನೂ ಇದ ಹೊತ್ತಿಗೆ ಆಡಾಕ ಬರ್ತೀನಿ. ನೀವು ಬಂದ್ರ, ನೆರಳಾಗ ನಿಂದರ್ರಿ."