ಗಡ್ಡೆಗೂ ಒಂದು ಕೆಲಸ

ನಮ್ಮ ಕ್ಯಾನ್ಸರ್ ಸೇವಾ ಸಂಸ್ಥೆಯ ಪರವಾಗಿ ಪಾವಗಡದ ಕಡೆಯ ತಿಮ್ಮಕ್ಕನನ್ನು ಆಸ್ಪತ್ರೆಗೆ ಕರೆತಂದಿದ್ದೆ. ಮರುದಿನ ಎದೆಯ ಗಡ್ಡೆಯ ಆಪರೇಷನ್. ತೆಗೆದ ಗಡ್ಡೆಯನ್ನು ಸಂಶೋಧನೆಗೆ ಕೊಡಲು ನಾನೇ ಒಪ್ಪಿಗೆ ಕೇಳಬೇಕಿತ್ತು. ಬದುಕಿದರೆ ಸಾಕೆಂದು ಬಂದವಳ ಹತ್ತಿರ ಇದನ್ನು ಹೇಗೆ ಕೇಳಲಿ? ಶನಿಮಹಾತ್ಮನನ್ನು ನೆನೆದು ಕೇಳಿಯೇಬಿಟ್ಟೆ.

"ಅದ್ರಿಂದ ನಂಗೆ ವಾಸಿ ಆಯ್ತದಾ?"

"ಇಲ್ಲ ತಿಮ್ಮಕ್ಕ. ಮುಂದೆ ಬೇರೆ ಯಾರಿಗಾದ್ರೂ ಆಗಬಹುದು."

ಅವಳು ಶಾಯಿಯ ಡಬ್ಬಿಗೆ ಹೆಬ್ಬೆಟ್ಟು ಒತ್ತಿದಳು.

"ತಕಳಮ್ಮ. ಇಷ್ಟು ದಿನ ಕೂತ್ಕಂಡು ನನ್ನೇ ತಿಂದೈತೆ. ಇನ್ಮೇಲಾದ್ರೂ ಒಸಿ ದುಡೀಲಿ ಬುಡು!"

ಗರ್ಭಗುಡಿಯ ಮುಂದೆ ನಿಂತಂತಾಗಿ ನಾನು ಕೈಮುಗಿದೆ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ, ಕೊನೆಗೆ ಅವಳೇ ಎಚ್ಚರಿಸಬೇಕಾಯಿತು:

"ಕಾಗ್ದ ಕೊಡಮ್ಮ, ಶಾಯಿ ಒಣಗೋಯ್ತದೆ."